ಬಹುನಳಿಗೆ ಬಂದೂಕು: ರಚನೆ, ಇತಿಹಾಸ ಮತ್ತು ಮರುಭೂಮಿ ಪರೀಕ್ಷೆ

ಬಹುನಳಿಗೆ ಬಂದೂಕು: ಒಂದೇ ಹಿಡಿಗೆ ಅಥವಾ ಒಂದೇ ಪೀಠಕ್ಕೆ ಎರಡು ಇಲ್ಲವೆ ಹೆಚ್ಚು ನಳಿಗೆಗಳನ್ನು ಜೋಡಿಸಿ ಮಾಡಿದ ಅಗ್ನ್ಯಸ್ತ್ರ. ಬೇಟೆಗಾರನ ಜೋಡುನಳಿಗೆ ಕೋವಿಯಿಂದ ಹಿಡಿದು ಯುದ್ಧವಿಮಾನದ ಏಳು ನಳಿಗೆಗಳ ಫಿರಂಗಿಯವರೆಗೆ ಹಲವು ಬಗೆಯ ಆಯುಧಗಳು ಈ ವರ್ಗಕ್ಕೆ ಸೇರುತ್ತವೆ. ನಳಿಗೆಗಳನ್ನು ಹೆಚ್ಚಿಸುವುದಕ್ಕೆ ಮೊದಲಿನಿಂದಲೂ ಎರಡು ಕಾರಣಗಳಿವೆ. ಮತ್ತೆ ಮದ್ದು ತುಂಬುವಷ್ಟರಲ್ಲಿ ಕಳೆದುಹೋಗುವ ಹೊತ್ತನ್ನು ಉಳಿಸುವುದು ಒಂದು. ಒಂದೇ ನಳಿಗೆ ತಾಳಲಾರದ ಶಾಖವನ್ನು ಹಲವು ನಳಿಗೆಗಳಿಗೆ ಹಂಚುವುದು ಇನ್ನೊಂದು. ಈ ಎರಡು ಅನುಕೂಲಗಳ ಜೊತೆಗೆ ಒಂದು ತೊಡಕೂ ಬರುತ್ತದೆ. ಎಲ್ಲ ನಳಿಗೆಗಳೂ ಒಂದೇ ಗುರಿಯನ್ನು ನೋಡುತ್ತಿರಬೇಕು, ಒಂದರ ಸರದಿಗೆ ಇನ್ನೊಂದು ಅಡ್ಡ ಬರಬಾರದು. ಆದ್ದರಿಂದ ಈ ಬಗೆಯ ಬಂದೂಕಿನ ಪರೀಕ್ಷೆಯಲ್ಲಿ ಪ್ರತಿ ನಳಿಗೆಯ ಬಲದ ಜೊತೆಗೆ ನಳಿಗೆಗಳ ನಡುವಿನ ಹೊಂದಾಣಿಕೆಯನ್ನೂ ಅಳೆಯಬೇಕಾಗುತ್ತದೆ.

ಬಗೆಗಳು

ಕೆಲಸ ಮಾಡುವ ರೀತಿಯನ್ನು ನೋಡಿ ಇವನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಬಹುದು. ಮೊದಲನೆಯದು ಎಲ್ಲ ನಳಿಗೆಗಳೂ ಒಟ್ಟಿಗೆ ಅಥವಾ ಸಾಲಾಗಿ ಸಿಡಿಯುವ ಸಾಮೂಹಿಕ ಬಂದೂಕು. ಎರಡನೆಯದು ಪ್ರತಿ ನಳಿಗೆಯನ್ನೂ ಬೇಕೆಂದಾಗ ಬೇರೆಬೇರೆಯಾಗಿ ಹಾರಿಸುವ ಬೇಟೆ ಕೋವಿ. ಜೋಡುನಳಿಗೆ ಕೋವಿ, ಜರ್ಮನ್ ಮಾತನಾಡುವ ನಾಡುಗಳಲ್ಲಿ ಬಳಕೆಯಲ್ಲಿರುವ ಮೂರು ನಳಿಗೆಗಳ ಡ್ರಿಲ್ಲಿಂಗ್, ನಾಲ್ಕು ನಳಿಗೆಗಳ ಫೀಯರ್ಲಿಂಗ್ ಈ ಗುಂಪಿನವು. ಮೂರನೆಯದು ನಳಿಗೆಗಳ ಕಟ್ಟೇ ಸುತ್ತುತ್ತ ಒಂದಾದ ಮೇಲೊಂದು ಸಿಡಿಯುವ ಗ್ಯಾಟ್ಲಿಂಗ್ ಮಾದರಿ. ನಾಲ್ಕನೆಯದು ಎರಡು ನಳಿಗೆಗಳು ಪರಸ್ಪರ ಬೆಸೆದುಕೊಂಡು, ಒಂದು ಸಿಡಿದ ಬಲದಿಂದ ಇನ್ನೊಂದರಲ್ಲಿ ತೋಟಾ ಕೂರುವಂತೆ ಮಾಡಿದ ಗಾಸ್ಟ್ ಮಾದರಿ. ಜರ್ಮನಿಯ ಕಾರ್ಲ್ ಗಾಸ್ಟ್ ಇದನ್ನು ಮೊದಲ ಮಹಾಯುದ್ಧದ ಕಾಲದಲ್ಲಿ ರೂಪಿಸಿದ.

ಆರಂಭದ ಇತಿಹಾಸ

ಚಿಕ್ಕ ನಳಿಗೆಗಳನ್ನು ಗಾಡಿಯ ಮೇಲೆ ಸಾಲಾಗಿ ಕಟ್ಟಿದ ಆಯುಧಗಳು ಯೂರೋಪಿನಲ್ಲಿ 14ನೆಯ ಶತಮಾನದಿಂದ ಕಾಣಿಸಿಕೊಳ್ಳುತ್ತವೆ. 15ನೆಯ ಶತಮಾನದ ಕೊನೆಯ ಭಾಗದಲ್ಲಿ ಲಿಯೊನಾರ್ಡೊ ಡ ವಿಂಚಿ ಸಾಲಿಗೆ ಹನ್ನೊಂದರಂತೆ ಮೂರು ಸಾಲು, ಒಟ್ಟು 33 ನಳಿಗೆಗಳ ಆಯುಧವೊಂದರ ಚಿತ್ರ ಬಿಡಿಸಿದ್ದ. ಒಂದು ಸಾಲು ಸಿಡಿಯುವಾಗ ಇನ್ನೊಂದು ತಣಿಯುತ್ತಿರಬೇಕು, ಮೂರನೆಯದಕ್ಕೆ ಮದ್ದು ತುಂಬುತ್ತಿರಬೇಕು ಎಂಬುದು ಅದರ ಹಿಂದಿನ ಯೋಚನೆ.

ಭಾರತದಲ್ಲಿ ಅಬುಲ್ ಫಜಲ್ ಬರೆದ 'ಐನ್-ಇ-ಅಕ್ಬರಿ' ಒಂದೇ ಬತ್ತಿಯಿಂದ ಹದಿನೇಳು ನಳಿಗೆಗಳನ್ನು ಹಾರಿಸಬಲ್ಲ ಜೋಡಣೆಯೊಂದನ್ನು ಹೇಳುತ್ತದೆ. ಗ್ರಂಥ ಅದರ ಹಿರಿಮೆಯನ್ನು ಅಕ್ಬರ ಬಾದಶಹನಿಗೇ ಕೊಟ್ಟಿದ್ದರೂ ನಂತರದ ಹಲವು ಇತಿಹಾಸಕಾರರು ಆಸ್ಥಾನದ ಯಂತ್ರಶಾಸ್ತ್ರಜ್ಞ ಫತಹುಲ್ಲಾ ಶಿರಾಜಿಯನ್ನು ಹೆಸರಿಸುತ್ತಾರೆ. ಇರಾನಿನಿಂದ ಬಂದ ಈ ವಿದ್ವಾಂಸ ಮೊದಲು ನೆಲೆ ನಿಂತದ್ದು ಬಿಜಾಪುರದಲ್ಲಿ. ಒಂದನೇ ಅಲಿ ಆದಿಲಶಹನ ಆಶ್ರಯದಲ್ಲಿದ್ದ ಆತ ಸುಲ್ತಾನನ ಮರಣದ ಬಳಿಕ ಅಕ್ಬರನ ಆಸ್ಥಾನ ಸೇರಿದ.

ಸಾಮೂಹಿಕ ಬಂದೂಕಿನ ಮಿತಿಗಳು ಎದ್ದು ಕಂಡದ್ದು ಬ್ರಿಟಿಷ್ ನೌಕಾಪಡೆಯ ನಾಕ್ ಬಂದೂಕಿನಲ್ಲಿ. ಜೇಮ್ಸ್ ವಿಲ್ಸನ್ 1779ರಲ್ಲಿ ರೂಪಿಸಿದ, ಹೆನ್ರಿ ನಾಕ್ ತಯಾರಿಸಿದ ಈ ಬಂದೂಕಿನಲ್ಲಿ ನಡುವೆ ಒಂದು, ಸುತ್ತ ಆರು ನಳಿಗೆಗಳಿದ್ದವು. ಏಳೂ ಒಮ್ಮೆಗೇ ಸಿಡಿದಾಗಿನ ಹಿಂದೊದೆತ ಹೆಗಲು ಮುರಿಯುವಷ್ಟಿತ್ತು. ಹಡಗಿನ ಹಾಯಿಗೂ ಹಗ್ಗಗಳಿಗೂ ಬೆಂಕಿ ತಗುಲೀತೆಂಬ ಭಯ ಬೇರೆ. ಅದು ಬಹುಬೇಗ ಬಳಕೆ ತಪ್ಪಿತು.

ಪರೀಕ್ಷೆಯಿಲ್ಲದೆ ಕಟ್ಟಿದ ಆಯುಧ ಹಾರಿಸಿದವನನ್ನೂ ಬಿಡುವುದಿಲ್ಲ ಎಂಬುದಕ್ಕೆ ಪ್ಯಾರಿಸಿನ ಒಂದು ಘಟನೆ ಸಾಕ್ಷಿಯಾಗಿದೆ. 1835ರ ಜುಲೈ 28ರಂದು ಜ್ಯುಸೆಪ್ಪೆ ಫಿಯೆಸ್ಕಿ ಎಂಬಾತ ದೊರೆ ಲೂಯಿ ಫಿಲಿಪ್‌ನನ್ನು ಕೊಲ್ಲಲೆಂದು ಮರದ ಚೌಕಟ್ಟಿಗೆ 25 ನಳಿಗೆಗಳನ್ನು ಬಿಗಿದು ಕಿಟಕಿಯಿಂದ ಹಾರಿಸಿದ. ಬೀದಿಯಲ್ಲಿದ್ದ 18 ಮಂದಿ ಸತ್ತರು, ದೊರೆ ಉಳಿದುಕೊಂಡ. ಕೆಲವು ನಳಿಗೆಗಳು ಹಿಂಬದಿಯಲ್ಲಿ ಒಡೆದು ಫಿಯೆಸ್ಕಿಯೇ ತೀವ್ರವಾಗಿ ಗಾಯಗೊಂಡು ಸಿಕ್ಕಿಬಿದ್ದ.

ಗ್ಯಾಟ್ಲಿಂಗ್ ಮತ್ತು ನಂತರ

ರಿಚರ್ಡ್ ಜೋರ್ಡನ್ ಗ್ಯಾಟ್ಲಿಂಗ್ 1862ರ ನವೆಂಬರ್ 4ರಂದು ಪೇಟೆಂಟ್ ಪಡೆದ ಬಂದೂಕು ಈ ಇತಿಹಾಸದ ದಿಕ್ಕನ್ನು ಬದಲಿಸಿತು. ಅದರಲ್ಲಿ ಆರು ನಳಿಗೆಗಳು. ಹಿಡಿಕೆ ತಿರುಗಿಸಿದರೆ ನಳಿಗೆಗಳ ಕಟ್ಟು ಸುತ್ತುತ್ತಿತ್ತು. ತೋಟಾ ಬೀಳುವುದು, ಒಳಗೆ ಕೂರುವುದು, ಸಿಡಿಯುವುದು, ಖಾಲಿ ಚಿಪ್ಪು ಹೊರಬೀಳುವುದು, ಇಷ್ಟೂ ಕೆಲಸ ಒಂದೇ ಸುತ್ತಿನಲ್ಲಿ ಮುಗಿಯುತ್ತಿತ್ತು. ಪ್ರತಿ ನಳಿಗೆಗೂ ಸುತ್ತಿಗೊಂದೇ ಈಡಾದ್ದರಿಂದ ಉಳಿದ ಹೊತ್ತು ಅದು ಗಾಳಿಗೆ ತಣಿಯುತ್ತಿತ್ತು. ಲೋಹದ ಚಿಪ್ಪಿನ ತೋಟಾ ಬಂದ ಮೇಲೆ ಬಂದೂಕು ಹೆಚ್ಚು ನಂಬಿಕಸ್ತವಾಯಿತು. 1866ರಲ್ಲಿ ಅಮೆರಿಕದ ಸೇನೆ ಅದನ್ನು ಅಧಿಕೃತವಾಗಿ ಸ್ವೀಕರಿಸಿ, 1911ರಲ್ಲಿ ಹಳತೆಂದು ಕೈಬಿಟ್ಟಿತು.

ಅದೇ ಕಾಲದಲ್ಲಿ ಫ್ರಾನ್ಸ್ 25 ನಳಿಗೆಗಳ ಮಿತ್ರಾಯೂಸ್ ಎಂಬ ಆಯುಧವನ್ನು ಗುಟ್ಟಾಗಿ ಬೆಳೆಸಿತು. 1870ರ ಪ್ರಶ್ಯನ್ ಯುದ್ಧದಲ್ಲಿ ಅದನ್ನು ಫಿರಂಗಿಯಂತೆ ದೂರದಲ್ಲಿ ನಿಲ್ಲಿಸಿದ್ದರಿಂದ ನಿರೀಕ್ಷಿಸಿದ ಫಲ ಸಿಗಲಿಲ್ಲ. ಗುಟ್ಟು ಕಾಯುವ ಭರದಲ್ಲಿ ಸೈನಿಕರಿಗೆ ಸರಿಯಾದ ತರಬೇತಿಯೂ ಸಿಕ್ಕಿರಲಿಲ್ಲ. ಸ್ವೀಡನ್ ಮೂಲದ ನಾರ್ಡನ್‌ಫೆಲ್ಟ್ ಬಂದೂಕಿನಲ್ಲಿ ನಳಿಗೆಗಳು ಸುತ್ತದೆ ಅಡ್ಡಲಾಗಿ ಸಾಲುಗಟ್ಟಿರುತ್ತಿದ್ದವು. ಹತ್ತು ನಳಿಗೆಗಳ ಒಂದು ಮಾದರಿ ಪೋರ್ಟ್ಸ್‌ಮತ್ತಿನ ಪ್ರದರ್ಶನದಲ್ಲಿ 3 ನಿಮಿಷ 3 ಸೆಕೆಂಡುಗಳಲ್ಲಿ 3,000 ಗುಂಡುಗಳನ್ನು ಎಲ್ಲೂ ತಡೆಯಾಗದೆ ಹಾರಿಸಿತು.

1884ರಲ್ಲಿ ಬಂದ ಹಿರಮ್ ಮ್ಯಾಕ್ಸಿಮ್‌ನ ಬಂದೂಕು ಒಂದೇ ನಳಿಗೆಯಲ್ಲಿ, ಹಿಂದೊದೆತದ ಬಲದಿಂದಲೇ, ತಾನಾಗಿ ಹಾರತೊಡಗಿದಾಗ ಬಹುನಳಿಗೆಯ ಕಾಲ ಮುಗಿಯಿತೆಂದೇ ತೋರಿತು. ಗ್ಯಾಟ್ಲಿಂಗ್ 1893ರಲ್ಲಿ ವಿದ್ಯುತ್ ಮೋಟಾರು ಜೋಡಿಸಿ ವೇಗವನ್ನು ನಿಮಿಷಕ್ಕೆ 3,000ದ ಹತ್ತಿರಕ್ಕೆ ಒಯ್ದರೂ ಅಷ್ಟು ವೇಗದ ಅಗತ್ಯ ಆಗ ಯಾರಿಗೂ ಇರಲಿಲ್ಲ. ಜೆಟ್ ವಿಮಾನಗಳು ಬಂದಾಗ ಆ ಅಗತ್ಯ ಹುಟ್ಟಿತು. ಗುರಿ ಕಣ್ಣೆದುರು ಇರುವುದೇ ಒಂದೆರಡು ಸೆಕೆಂಡಾದರೆ ಆ ಹೊತ್ತಿನಲ್ಲೇ ನೂರಾರು ಗುಂಡು ಹೋಗಬೇಕು. ಎರಡನೇ ಮಹಾಯುದ್ಧದ ಬಳಿಕ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಎಂಜಿನಿಯರುಗಳು ವಸ್ತುಸಂಗ್ರಹಾಲಯದಿಂದ ತಂದ ಹಳೆಯ ಗ್ಯಾಟ್ಲಿಂಗಿಗೆ ಮೋಟಾರು ಕಟ್ಟಿ ಪರೀಕ್ಷಿಸಿದರು. ಅದು ಕ್ಷಣಕಾಲ ನಿಮಿಷಕ್ಕೆ 5,000ದ ವೇಗ ಮುಟ್ಟಿತು. ಆ ದಾರಿಯಲ್ಲೇ 20 ಮಿಲಿಮೀಟರಿನ, ಆರು ನಳಿಗೆಗಳ ಎಂ-61 ವಲ್ಕನ್ ಫಿರಂಗಿ ರೂಪುಗೊಂಡಿತು. ಅದರ ವೇಗ ನಿಮಿಷಕ್ಕೆ 6,000. ಅಂದರೆ ನಳಿಗೆಯೊಂದಕ್ಕೆ 1,000 ಮಾತ್ರ. 7.62 ಮಿಲಿಮೀಟರಿನ ಮಿನಿಗನ್, ಎ-10 ವಿಮಾನದ ಏಳು ನಳಿಗೆಗಳ ಜಿಎಯು-8 ಇದೇ ವಂಶದವು.

ಪರೀಕ್ಷೆಗೆ ಮರುಭೂಮಿ ಏಕೆ

ಮರುಭೂಮಿಯನ್ನು ಆರಿಸಿಕೊಳ್ಳಲು ಮೊದಲ ಕಾರಣ ಜನವಸತಿ ಇಲ್ಲದಿರುವುದು. ರೈಫಲ್ ಗುಂಡು ಹಲವು ಕಿಲೋಮೀಟರ್ ದೂರ ಹೋಗಬಲ್ಲದು. ಬಹುನಳಿಗೆ ಬಂದೂಕು ಕೆಟ್ಟರೆ ಗುಂಡುಗಳು ಒಂದೇ ದಿಕ್ಕಿಗೆ ಹೋಗುತ್ತವೆಂದು ಹೇಳಲಾಗದು, ಆದ್ದರಿಂದ ಗುರಿಯ ಹಿಂದೆಯೂ ಅಕ್ಕಪಕ್ಕದಲ್ಲೂ ವಿಶಾಲವಾದ ನಿರ್ಬಂಧಿತ ಬಯಲು ಬೇಕು. ಗುಂಡು ಬಿದ್ದಲ್ಲಿ ಏಳುವ ಧೂಳು ದೂರದಿಂದಲೇ ಕಾಣುವುದು, ವರ್ಷದ ಬಹುಪಾಲು ಮಳೆಯಿಲ್ಲದಿರುವುದು ಇತರ ಅನುಕೂಲಗಳು. ಅಮೆರಿಕದ ಅರಿಜೋನ ರಾಜ್ಯದಲ್ಲಿ, ಸೊನೋರನ್ ಮರುಭೂಮಿಯಲ್ಲಿರುವ ಯೂಮಾ ಪರೀಕ್ಷಾ ಕೇಂದ್ರ ಇಂಥ ಸ್ಥಳಗಳಲ್ಲಿ ದೊಡ್ಡದು. ಅದೇ ರಾಜ್ಯದ ಬಿಗ್ ಸ್ಯಾಂಡಿ ಬಯಲಿನಲ್ಲಿ ಖಾಸಗಿ ಸಂಗ್ರಾಹಕರು ಹಳೆಯ ಗ್ಯಾಟ್ಲಿಂಗುಗಳನ್ನೂ ತಾವೇ ಕಟ್ಟಿಸಿದ ಬಹುನಳಿಗೆ ಯಂತ್ರಗಳನ್ನೂ ತಂದು ಹಾರಿಸುತ್ತಾರೆ. ಭಾರತದಲ್ಲಿ ರಾಜಸ್ಥಾನದ ಪೋಖ್ರಾನ್ ಮತ್ತು ಮಹಾಜನ್ ವಲಯಗಳು ಸೇನೆಯ ವಶದಲ್ಲಿವೆ.

ಇನ್ನೊಂದು ಕಾರಣ ಮರುಭೂಮಿಯ ಕಾಠಿಣ್ಯವೇ. ಬಿಸಿಲಿಗೆ ಕಾದ ತೋಟಾದ ಮದ್ದು ವೇಗವಾಗಿ ಉರಿದು ನಳಿಗೆಯೊಳಗಿನ ಒತ್ತಡವನ್ನು ಏರಿಸುತ್ತದೆ. ನ್ಯಾಟೊ ಪರೀಕ್ಷಾ ವಿಧಾನದಲ್ಲಿ ತೋಟಾಗಳನ್ನು 52 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿಯೂ ಸೊನ್ನೆಗಿಂತ 54 ಡಿಗ್ರಿ ಕೆಳಗೆ ತಣಿಸಿಯೂ ನೋಡುವುದು ಇದಕ್ಕಾಗಿಯೇ. 45 ಡಿಗ್ರಿಯ ಗಾಳಿ 15 ಡಿಗ್ರಿಯ ಗಾಳಿಗಿಂತ ಸುಮಾರು ಹತ್ತನೇ ಒಂದು ಭಾಗ ತೆಳುವಾಗಿರುತ್ತದೆ. ಹಾಗಾಗಿ ಗುಂಡಿಗೆ ತಡೆ ಕಡಿಮೆಯಾಗಿ ದೂರದ ಗುರಿಯಲ್ಲಿ ಅದು ತುಸು ಮೇಲೆ ಬೀಳುತ್ತದೆ. ಬಿಸಿಲ್ಗುದುರೆಯಿಂದಾಗಿ ಗುರಿ ಇರುವಲ್ಲಿಯೇ ಕಾಣುವುದಿಲ್ಲ. ಹೀಗಾಗಿ ನಿಖರತೆಯ ಪರೀಕ್ಷೆಗಳನ್ನು ಸಾಮಾನ್ಯವಾಗಿ ಬೆಳಗಿನ ತಂಪಿನಲ್ಲೂ ಶಾಖದ ಪರೀಕ್ಷೆಗಳನ್ನು ಹೊತ್ತೇರಿದ ಮೇಲೂ ಮಾಡುವುದು ಒಳ್ಳೆಯದು.

ಧೂಳು ಮೂರನೆಯ ಸಂಗತಿ. ಎಣ್ಣೆ ಹಚ್ಚಿದ ಭಾಗಗಳಿಗೆ ನುಣ್ಣನೆಯ ಮರಳು ಅಂಟಿ ಅರದಂತೆ ಉಜ್ಜತೊಡಗುತ್ತದೆ. ಸುತ್ತುವ ಬಂದೂಕಿನಲ್ಲಿ ಪ್ರತಿ ನಳಿಗೆಗೂ ಹಿಂಬದಿಯನ್ನು ಮುಚ್ಚುವ ಒಂದೊಂದು ಬೋಲ್ಟ್ ಇರುವುದರಿಂದ ಮರಳು ಸಿಕ್ಕಿಕೊಳ್ಳುವ ಸಂದುಗಳೂ ಅಷ್ಟು ಪಾಲು ಹೆಚ್ಚು. ಆದ್ದರಿಂದ ಎಣ್ಣೆಯನ್ನು ತೀರ ತೆಳುವಾಗಿ ಹಚ್ಚುವುದು ಅಥವಾ ಗ್ರಾಫೈಟಿನಂಥ ಒಣ ಲೇಪ ಬಳಸುವುದು ರೂಢಿ.

ಪರೀಕ್ಷೆಯ ಹಂತಗಳು

ಒಂದೇ ಪ್ರತಿಯಾಗಿ ಕಟ್ಟಿಸಿದ ಬಂದೂಕಿಗೆ ಕಾರ್ಖಾನೆಯ ಸಾವಿರಾರು ಪ್ರತಿಗಳ ಅನುಭವದ ಆಸರೆ ಇರುವುದಿಲ್ಲ. ಅದರ ದೋಷ ತಿಳಿಯುವುದು ಅದರ ಮೇಲೆಯೇ. ಆದ್ದರಿಂದ ಮೊದಲ ಪರೀಕ್ಷೆ ಗುಂಡಿಲ್ಲದೆ ನಡೆಯುತ್ತದೆ. ಪ್ರತಿ ನಳಿಗೆಯ ಒಳಮೈ, ತೋಟಾ ಕೂರುವ ಗೂಡು, ಬೋಲ್ಟಿಗೂ ತೋಟಾದ ಬುಡಕ್ಕೂ ನಡುವಿನ ತೆರಪು ಇವನ್ನು ಅಳತೆಗೋಲಿನಿಂದ ನೋಡುತ್ತಾರೆ. ಬಳಿಕ ಪೊಳ್ಳು ತೋಟಾ ತುಂಬಿ, ಕೈಯಿಂದ ನಿಧಾನವಾಗಿ ತಿರುಗಿಸಿ, ಎಲ್ಲಾದರೂ ಬಿಗಿಯುತ್ತದೆಯೇ ಎಂದು ಪರಿಶೀಲಿಸುತ್ತಾರೆ.

ಎರಡನೆಯದು ಬಲಪರೀಕ್ಷೆ. ಯೂರೋಪಿನ ಬಂದೂಕು ಪರೀಕ್ಷಾ ಮಂಡಳಿಯಾದ ಸಿಐಪಿಯ ನಿಯಮದಂತೆ ರೈಫಲ್ ನಳಿಗೆಗಳಲ್ಲಿ ಅನುಮತಿಸಿದ ಗರಿಷ್ಠ ಒತ್ತಡಕ್ಕಿಂತ ಕಾಲುಭಾಗ ಹೆಚ್ಚು ಒತ್ತಡ ಹುಟ್ಟಿಸುವ ತೋಟಾಗಳನ್ನು ಹಾರಿಸಿ, ನಳಿಗೆ ಉಬ್ಬಿಲ್ಲ, ಬಿರಿದಿಲ್ಲ ಎಂದು ಖಚಿತಪಡಿಸಿಕೊಂಡು ಮುದ್ರೆ ಒತ್ತುತ್ತಾರೆ. ಇಂಥ ಪರೀಕ್ಷೆಯ ಪದ್ಧತಿ ಹಳೆಯದು. ಲಂಡನ್ನಿನ ಬಂದೂಕು ತಯಾರಕರ ಸಂಘಕ್ಕೆ 1637ರಲ್ಲಿ ಸನ್ನದು ದೊರೆಯಿತು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹ 1813ರ ಕಾಯಿದೆಯಿಂದ ಸ್ಥಾಪನೆಯಾಯಿತು. ಬಹುನಳಿಗೆ ಬಂದೂಕಿನಲ್ಲಿ ಪ್ರತಿ ನಳಿಗೆಯೂ ಈ ಪರೀಕ್ಷೆಯನ್ನು ಬೇರೆಬೇರೆಯಾಗಿ ದಾಟಬೇಕು. ಬಂದೂಕನ್ನು ಭಾರವಾದ ಪೀಠಕ್ಕೆ ಬಿಗಿದು, ಪರೀಕ್ಷಕರು ಗೋಡೆಯ ಅಥವಾ ಮರಳುಮೂಟೆಗಳ ಮರೆಯಲ್ಲಿದ್ದು ದೂರದಿಂದ ಹಾರಿಸುತ್ತಾರೆ.

ಮೂರನೆಯ ಹಂತದಲ್ಲಿ ಸಾಧಾರಣ ತೋಟಾಗಳನ್ನು ನಳಿಗೆಗೊಂದರಂತೆ ಹಾರಿಸಿ ಗುರಿಹಾಳೆಯ ಮೇಲೆ ಯಾವ ನಳಿಗೆಯ ಗುಂಡು ಎಲ್ಲಿ ಬಿತ್ತೆಂದು ಗುರುತಿಸುತ್ತಾರೆ. ನಾಲ್ಕನೆಯದರಲ್ಲಿ ಚಿಕ್ಕ ಸರಣಿ, ಆಮೇಲೆ ದೊಡ್ಡ ಸರಣಿ. ಗುಂಡಿನ ವೇಗವನ್ನು ಕ್ರೋನೋಗ್ರಾಫ್ ಅಥವಾ ರಾಡಾರ್ ಅಳೆಯುತ್ತದೆ. ಚಿಪ್ಪು ಹೊರಬೀಳುವ ಬಗೆಯನ್ನು ಅತಿವೇಗದ ಕ್ಯಾಮರಾ ದಾಖಲಿಸುತ್ತದೆ. ಪ್ರತಿ ಸರಣಿಯ ಬಳಿಕ ನಳಿಗೆಗಳ ಶಾಖ, ತಿರುಪುಗಳ ಬಿಗಿ, ಖಾಲಿ ಚಿಪ್ಪುಗಳ ಬುಡದ ಗುರುತು ಇವನ್ನು ನೋಡದೆ ಮುಂದಿನದಕ್ಕೆ ಹೋಗುವಂತಿಲ್ಲ. ಆರು ನಳಿಗೆಗಳಲ್ಲಿ ಒಂದರಿಂದ ಬಂದ ಚಿಪ್ಪು ಮಾತ್ರ ಬಿರಿದಿದ್ದರೆ ದೋಷ ಆ ನಳಿಗೆಯಲ್ಲಿದೆ. ಎಲ್ಲವೂ ಒಂದೇ ರೀತಿ ಕೆಟ್ಟಿದ್ದರೆ ತೋಟಾದಲ್ಲೋ ವಿನ್ಯಾಸದಲ್ಲೋ ಇದೆ. ಇಂಥ ಹೋಲಿಕೆ ಒಂಟಿ ನಳಿಗೆಯಲ್ಲಿ ಸಾಧ್ಯವಿಲ್ಲ.

ಬಹುನಳಿಗೆಯ ವಿಶೇಷ ತೊಡಕುಗಳು

ಜೋಡುನಳಿಗೆ ರೈಫಲಿನಲ್ಲಿ ಎರಡು ನಳಿಗೆಗಳನ್ನು ತೀರ ಸಮಾನಾಂತರವಾಗಿ ಇಟ್ಟರೆ ಗುಂಡುಗಳು ಒಂದೆಡೆ ಬೀಳುವುದಿಲ್ಲ. ಬಲನಳಿಗೆ ಸಿಡಿದಾಗ, ಗುಂಡು ಇನ್ನೂ ಒಳಗಿರುವಾಗಲೇ, ಬಂದೂಕು ಬಲಕ್ಕೂ ಮೇಲಕ್ಕೂ ಹೊರಳುತ್ತದೆ; ಎಡನಳಿಗೆಯದು ಎಡಕ್ಕೆ. ಅದನ್ನು ಸರಿದೂಗಿಸಲು ನಳಿಗೆಗಳ ತುದಿಗಳನ್ನು ತುಸು ಒಳಮುಖ ಮಾಡಿ ಬೆಸೆಯುತ್ತಾರೆ. ಕುಶಲಕರ್ಮಿ ಹಾರಿಸಿ ನೋಡಿ, ತುದಿಯ ಬೆಣೆಯನ್ನು ಸರಿಸಿ, ಮತ್ತೆ ಬೆಸೆದು, ಮತ್ತೆ ಹಾರಿಸುತ್ತ ಒಂದು ನಿಗದಿತ ದೂರಕ್ಕೆ ಎರಡನ್ನೂ ಕೂಡಿಸುತ್ತಾನೆ. ಈ ಹೊಂದಾಣಿಕೆ ಒಂದೇ ತೂಕದ ಗುಂಡಿಗೆ, ಒಂದೇ ಪ್ರಮಾಣದ ಮದ್ದಿಗೆ ಮಾತ್ರ ನಿಲ್ಲುತ್ತದೆ. ಇಂಗ್ಲೆಂಡಿನ ತಂಪಿನಲ್ಲಿ ಹೊಂದಿಸಿದ ರೈಫಲ್ ಭಾರತ, ಆಫ್ರಿಕಗಳ ಸೆಕೆಯಲ್ಲಿ ದಾರಿ ತಪ್ಪುತ್ತಿದ್ದುದರಿಂದ, ಕಾರ್ಡೈಟ್ ಮದ್ದಿನ ಕಾಲದಲ್ಲಿ ಬ್ರಿಟಿಷ್ ತಯಾರಕರು ಉಷ್ಣದೇಶಗಳಿಗೆಂದೇ ಮದ್ದು ಕಡಿಮೆ ಮಾಡಿದ ತೋಟಾಗಳನ್ನು ಮಾರುತ್ತಿದ್ದರು.

ಸುತ್ತುವ ಬಂದೂಕಿನ ಸಮಸ್ಯೆ ಬೇರೆ. ನಳಿಗೆ ನಡುಕಂಬದಿಂದ 6 ಸೆಂಟಿಮೀಟರ್ ದೂರದಲ್ಲಿದ್ದು ಕಟ್ಟು ನಿಮಿಷಕ್ಕೆ 1,000 ಸುತ್ತು ಹಾಕುತ್ತಿದ್ದರೆ ಗುಂಡಿಗೆ ಮುಂದಕ್ಕೆ ಹೋಗುವ ವೇಗದ ಜೊತೆಗೆ ಸೆಕೆಂಡಿಗೆ ಸುಮಾರು 6.3 ಮೀಟರ್ ಪಕ್ಕದ ವೇಗವೂ ಬರುತ್ತದೆ. ಸೆಕೆಂಡಿಗೆ 1,000 ಮೀಟರ್ ವೇಗದ ಗುಂಡು 100 ಮೀಟರ್ ಮುಟ್ಟುವಷ್ಟರಲ್ಲಿ 63 ಸೆಂಟಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಎಲ್ಲ ನಳಿಗೆಗಳೂ ಒಂದೇ ಜಾಗದಲ್ಲಿ ಸಿಡಿಯುವುದರಿಂದ ಸರಿತದ ದಿಕ್ಕು ಒಂದೇ, ಹಾಗಾಗಿ ಗುರಿಪಟ್ಟಿಯಲ್ಲಿ ತಿದ್ದಬಹುದು. ಆದರೆ ಸುತ್ತುವ ವೇಗ ಏರಿಳಿದರೆ ಸರಿತವೂ ಏರಿಳಿಯುತ್ತದೆ. ಕೈಯಿಂದ ತಿರುಗಿಸುವ ಬಂದೂಕಿನಲ್ಲಿ ಸರಣಿಯ ಮೊದಲ ಗುಂಡುಗಳೂ ಕೊನೆಯವೂ ಚೆದುರಲು ಇದೂ ಒಂದು ಕಾರಣ.

ತಡವಾಗಿ ಸಿಡಿಯುವ ತೋಟಾ ಮೂರನೆಯ ಅಪಾಯ. ಸಾಧಾರಣ ಬಂದೂಕಿನಲ್ಲಿ ತೋಟಾ ಸಿಡಿಯದಿದ್ದರೆ ಯಂತ್ರ ನಿಂತುಬಿಡುತ್ತದೆ. ಮೋಟಾರಿನಿಂದ ಓಡುವ ಬಂದೂಕು ನಿಲ್ಲುವುದಿಲ್ಲ. ಸಿಡಿಯದ ತೋಟಾವನ್ನು ಹೊರಗೆಸೆದು ಮುಂದೆ ಹೋಗುತ್ತದೆ. ಕೆಟ್ಟ ತೋಟಾದಿಂದ ಓಟ ತಪ್ಪದಿರುವುದು ಅನುಕೂಲವೇ. ಆದರೆ ಬೋಲ್ಟ್ ತೆರೆದುಕೊಳ್ಳುವ ಹೊತ್ತಿಗೆ ಅದು ಸಿಡಿದರೆ ಯಂತ್ರವೇ ಒಡೆಯಬಹುದು. ಮದ್ದು ಸುರಿದು ತುಂಬುವ ಹಳೆಯ ಮಾದರಿಗಳಲ್ಲಿ ಒಂದು ನಳಿಗೆಯ ಕಿಡಿ ಪಕ್ಕದ್ದಕ್ಕೆ ಹಾರಿ ಎಲ್ಲವೂ ಒಟ್ಟಿಗೆ ಸಿಡಿಯುವ ಭಯವೂ ಇತ್ತು.

ಮರುಭೂಮಿಯ ರಣಾನುಭವ

ಪರೀಕ್ಷಾ ಬಯಲಿನಲ್ಲಿ ಕಾಣದ ದೋಷ ಯುದ್ಧದಲ್ಲಿ ಬಯಲಾದದ್ದುಂಟು. 1885ರ ಜನವರಿ 17ರಂದು ಸುಡಾನಿನ ಮರುಭೂಮಿಯ ಅಬು ಕ್ಲಿಯಾದಲ್ಲಿ ಬ್ರಿಟಿಷ್ ಪಡೆ ಐದು ನಳಿಗೆಗಳ ಗಾರ್ಡ್ನರ್ ಬಂದೂಕನ್ನು ಇಳಿಸಿತ್ತು. ಸುಮಾರು 70 ಗುಂಡು ಹಾರಿಸುವಷ್ಟರಲ್ಲಿ ಅದು ಸಿಕ್ಕಿಕೊಂಡು ನಿಂತಿತು. ಸರಿಪಡಿಸಲು ಯತ್ನಿಸುತ್ತಿದ್ದವರ ಮೇಲೆಯೇ ಎದುರಾಳಿ ಮಹದಿ ಪಡೆ ಮುಗಿಬಿತ್ತು. ನೌಕಾದಳದ ನಾಯಕ ಲಾರ್ಡ್ ಚಾರ್ಲ್ಸ್ ಬೆರೆಸ್‌ಫರ್ಡ್ ಕೂದಲೆಳೆಯಲ್ಲಿ ಪಾರಾದ.

ಎರಡನೇ ಮಹಾಯುದ್ಧದಲ್ಲಿ ಜರ್ಮನ್ ವಾಯುಪಡೆ ಉತ್ತರ ಆಫ್ರಿಕದ ವಿಮಾನಗಳಲ್ಲಿ, ಮರುಭೂಮಿಯಲ್ಲಿ ಕೆಳಗಿಳಿಯಬೇಕಾಗಿ ಬಂದ ಸಿಬ್ಬಂದಿಯ ರಕ್ಷಣೆಗೂ ಬೇಟೆಗೂ ಎಂದು, ಸೌವರ್ ಸಂಸ್ಥೆಯ ಎಂ-30 ಡ್ರಿಲ್ಲಿಂಗ್ ಇಟ್ಟಿತ್ತು. ಎರಡು ಚರೆನಳಿಗೆಗಳು ಮತ್ತು ಒಂದು ರೈಫಲ್ ನಳಿಗೆಯ ಈ ಕೋವಿ ಬೇಟೆಗಾರರ ಅಂಗಡಿಯಿಂದ ಬಂದಂತೆಯೇ ಅಂದವಾಗಿತ್ತು. 1965ರಲ್ಲಿ ವೊಸ್ಖೋದ್-2 ನೌಕೆಯ ಅಲೆಕ್ಸಿ ಲಿಯೊನೋವ್ ಮತ್ತು ಪಾವೆಲ್ ಬೆಲ್ಯಾಯೆವ್ ದಟ್ಟಕಾಡಿನಲ್ಲಿ ಇಳಿಯಬೇಕಾಗಿ ಬಂದ ಅನುಭವದಿಂದ ಸೋವಿಯತ್ ಒಕ್ಕೂಟ ಗಗನಯಾತ್ರಿಗಳಿಗೆ ಟಿಪಿ-82 ಎಂಬ ಮೂರು ನಳಿಗೆಗಳ ಪಿಸ್ತೂಲನ್ನು ಕೊಟ್ಟದ್ದೂ ಇದೇ ತರ್ಕದಿಂದ.

ಕರ್ನಾಟಕ ಮತ್ತು ಭಾರತ

ಟಿಪ್ಪು ಸುಲ್ತಾನನ ಶ್ರೀರಂಗಪಟ್ಟಣದ ಕಮ್ಮಟಗಳಲ್ಲಿ ತಯಾರಾದ ಜೋಡುನಳಿಗೆ ಚಕಮಕಿ ಬಂದೂಕುಗಳು ಹುಲಿಪಟ್ಟೆಯ ಅಲಂಕಾರದಿಂದ ಪ್ರಸಿದ್ಧ. 1799ರ ಬಳಿಕ ಅವು ವಿದೇಶಿ ಸಂಗ್ರಹಗಳಿಗೆ ಹೋದವು. ಕೊಡಗಿನಲ್ಲಿ ಜೋಡುನಳಿಗೆ ಕೋವಿ ಇಂದಿಗೂ ಮನೆತನದ ವಸ್ತು. ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆ ಸಲ್ಲುತ್ತದೆ, ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ ನಡೆಯುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿತು.

ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ಯುದ್ಧವಿಮಾನದಲ್ಲಿ ಇರುವುದು ಗಾಸ್ಟ್ ಮಾದರಿಯ ಜಿಎಸ್‌ಎಚ್-23 ಜೋಡುನಳಿಗೆ ಫಿರಂಗಿ. ಕಾರವಾರದ ಕದಂಬ ನೌಕಾನೆಲೆಯ ಐಎನ್‌ಎಸ್ ವಿಕ್ರಮಾದಿತ್ಯ ಸೇರಿದಂತೆ ಹಲವು ಹಡಗುಗಳಲ್ಲಿ 30 ಮಿಲಿಮೀಟರಿನ ಆರು ನಳಿಗೆಗಳ ಎಕೆ-630 ಇದೆ. ಪೋಖ್ರಾನಿನಲ್ಲಿ ಪರೀಕ್ಷೆಗೊಂಡ ಪಿನಾಕಾ ರಾಕೆಟ್ ವ್ಯವಸ್ಥೆ 44 ಸೆಕೆಂಡುಗಳಲ್ಲಿ 12 ರಾಕೆಟ್ ಹಾರಿಸುತ್ತದೆ. ಪತ್ರಿಕೆಗಳು ಅದನ್ನು ಬಹುನಳಿಗೆ ಎಂದು ಕರೆದರೂ ಅದು ಬಂದೂಕಲ್ಲ. ಅಲ್ಲಿ ಒತ್ತಡ ತಾಳುವುದು ಕೊಳವೆಯಲ್ಲ, ರಾಕೆಟ್ಟಿನ ಸ್ವಂತ ಮೈ.

ಕಾನೂನು

ಅಮೆರಿಕದಲ್ಲಿ ಕೈಯಿಂದ ಹಿಡಿಕೆ ತಿರುಗಿಸುವ ಗ್ಯಾಟ್ಲಿಂಗ್ ಕೇಂದ್ರದ ಕಾನೂನಿನ ಕಣ್ಣಿಗೆ ಮಷಿನ್‌ಗನ್ ಅಲ್ಲ, ಅದಕ್ಕೆ ಮೋಟಾರು ಜೋಡಿಸಿದರೆ ಮಷಿನ್‌ಗನ್. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿಯಿಲ್ಲದೆ ಯಾವ ಬಂದೂಕನ್ನೂ ತಯಾರಿಸುವಂತಿಲ್ಲ, ಮಾರ್ಪಡಿಸುವಂತಿಲ್ಲ, ಬಲಪರೀಕ್ಷೆಗೆ ಒಳಪಡಿಸುವಂತಿಲ್ಲ. ಸ್ವಯಂಚಾಲಿತ ಬಂದೂಕು ನಿಷೇಧಿತ ಆಯುಧ. 2019ರ ತಿದ್ದುಪಡಿ ಒಬ್ಬ ವ್ಯಕ್ತಿ ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಜೋಡುನಳಿಗೆ ಕೋವಿ ಈ ಲೆಕ್ಕದಲ್ಲಿ ಒಂದೇ ಕೋವಿ.